ಎರಡು ಕ್ಯಾಮೆರಾ, ಒಂದು ಗೀರು

ಎಡಗಾಲಿನ ಚಪ್ಪಲಿಗೆ ಚೀಟಿ ಕಟ್ಟಿ ಮುಗಿದಿತ್ತು. ಬಲಗಾಲಿನದಕ್ಕೆ ದಾರ ಸುತ್ತುತ್ತಿದ್ದಾಗ ಮೇಜಿನ ಮೇಲೆ ಸುತ್ತೋಲೆ ಬಂದು ಬಿತ್ತು. ಚೀಟಣ್ಣ ಕಣ್ಣಂಚಿನಲ್ಲೇ ಅದನ್ನು ಓದಿದ. ಓದಿದ್ದೇ ತಡ, ಚಪ್ಪಲಿಯ ಬದಲು ತನ್ನ ಕಿರುಬೆರಳಿಗೇ ದಾರ ಬಿಗಿದು ಗಂಟು ಹಾಕಿಕೊಂಡ.

‘ಆರು ತಿಂಗಳು ಮೀರಿದ ಯಾವುದೇ ಪತ್ರಕ್ಕೆ ಇಂದು ಸಂಜೆ ಐದರ ಟಪಾಲಿನಲ್ಲಿ ಉತ್ತರ ಹೋಗದಿದ್ದರೆ, ಆ ಗುಮಾಸ್ತರನ್ನು ಸೋಮವಾರದಿಂದ ದೂರು ಕೌಂಟರಿಗೆ ಹಾಕಲಾಗುವುದು. – ಮ್ಯಾನೇಜರ್.’

ಬಸ್ ನಿಲ್ದಾಣದ ಕಳೆದುಹೋದ ಸಾಮಾನುಗಳ ಕೋಣೆಗೆ ಹತ್ತೊಂಬತ್ತು ವರ್ಷದಿಂದ ಚೀಟಣ್ಣನೇ ಗುಮಾಸ್ತ. ಜನ ಬಸ್ಸಿನಲ್ಲಿ ಬಿಟ್ಟುಹೋದ ಕೊಡೆ, ಕನ್ನಡಕ, ಊರುಗೋಲು, ಒಮ್ಮೆ ಒಂದು ಹಲ್ಲಿನ ಸೆಟ್ಟು, ಎಲ್ಲ ಅವನ ಕಪಾಟಿಗೇ ಬರಬೇಕು. ಪ್ರತಿಯೊಂದಕ್ಕೂ ನಂಬರು ಬರೆದ ಚೀಟಿ. ಅಲ್ಲಿ ಒಂದು ನಿಯಮವಿತ್ತು, ಅದನ್ನು ಮಾಡಿದವನೂ ಅವನೇ: ಒಂದರಿಂದ ಇನ್ನೊಂದು ಬಿಡಿಸಿಕೊಳ್ಳುವಂತಿದ್ದರೆ ಎರಡಕ್ಕೂ ಬೇರೆ ನಂಬರು, ಬೇರೆ ಕಪಾಟು. ಮೂರು ಅಂತಸ್ತಿನ ಊಟದ ಡಬ್ಬಿ ಕಳೆದುಕೊಂಡವರು ಮುಚ್ಚಳವೂ ಸೇರಿ ನಾಲ್ಕು ಕಡೆ ರುಜು ಹಾಕಬೇಕಿತ್ತು. ಹಾಗಾಗಿಯೇ ಆ ಹೆಸರು. ಅವನ ನಿಜವಾದ ಹೆಸರು ಸಂಬಳದ ಪಟ್ಟಿಗೆ ಬಿಟ್ಟರೆ ಬೇರೆ ಯಾರಿಗೂ ನೆನಪಿರಲಿಲ್ಲ.

ಆ ಕೋಣೆಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಕಳೆದುಕೊಂಡವರು ತಪ್ಪು ತಮ್ಮದೇ ಎಂದು ನಾಚಿಕೊಂಡು ಬರುತ್ತಿದ್ದರು, ಸಿಕ್ಕಿತೆಂದು ಕೈಮುಗಿದು ಹೋಗುತ್ತಿದ್ದರು. ಚೀಟಣ್ಣನ ಪುಕ್ಕಲೆದೆಗೆ ಅಂಥ ಜಾಗವೇ ಸರಿ. ಇನ್ನು ದೂರು ಕೌಂಟರು! ಅಲ್ಲಿ ಗಾಜಿಗೆ ಒಂದು ತೂತು ಕೊರೆದಿದ್ದಾರೆ, ಬೈಯುವವರ ಬಾಯಿ ಎಷ್ಟು ಎತ್ತರಕ್ಕೆ ಬರುತ್ತದೋ ಸರಿಯಾಗಿ ಅಷ್ಟೇ ಎತ್ತರಕ್ಕೆ. ಅಲ್ಲಿ ಮೊದಲಿದ್ದವರು ಈಗ ಮನೆಯಲ್ಲಿ ಹಾಲಿನವಳು ಬಾಗಿಲು ಬಡಿದರೂ “ವಿಚಾರಿಸ್ತೀವಿ, ವಿಚಾರಿಸ್ತೀವಿ” ಎನ್ನುತ್ತಾರಂತೆ.

ಅವನ ಮೇಜಿನ ಖಾನೆಯಲ್ಲಿ ಅಂಥ ಪತ್ರ ಒಂದೇ ಒಂದು ಇತ್ತು. ಅದು ಬಂದು ಹನ್ನೊಂದು ತಿಂಗಳಾಗಿತ್ತು.

‘ಮಾನ್ಯರೆ, ಕಳೆದ ವಾರ ನಿಮ್ಮ ಬಸ್ಸೊಂದರಲ್ಲಿ ನಾನು ಒಂದು ಕಪ್ಪು ಕ್ಯಾಮೆರಾ ಬಿಟ್ಟು ಇಳಿದೆ. ಲೆನ್ಸನ್ನು ಬಿಚ್ಚಿ ಬೇರೆ ಹಾಕಿಕೊಳ್ಳಬಹುದಾದಂಥದು. ಹಳೆಯದು, ಹೊಸದಾಗಿ ಕಲಿಯುವವರು ಕೊಳ್ಳುವ ಬಗೆಯದು. ಬೇರೆಯವರಿಗೆ ಅದರಿಂದ ಏನೂ ಉಪಯೋಗವಿಲ್ಲ, ನನಗೆ ಅದಿಲ್ಲದೆ ಕೈ ಮುರಿದಂತಾಗಿದೆ. ಗುರುತು ಹೇಳಬೇಕೆಂದರೆ, ಲೆನ್ಸಿನ ಅಂಚಿನಲ್ಲಿ ಒಂದು ಗೀರು ಇದೆ.’

ಹಾಳೆ ಅಲ್ಲಿಗೆ ಮುಗಿದಿತ್ತು. ರುಜು ಇರಲಿಲ್ಲ. ಕ್ಯಾಮೆರಾ ಮರೆಯುವ ಹೆಂಗಸು ರುಜುವನ್ನೂ ಮರೆತಿದ್ದಾಳೆ ಎಂದುಕೊಂಡಿದ್ದ ಚೀಟಣ್ಣ. ಹೆಸರು, ವಿಳಾಸ ಹೇಗೂ ಲಕೋಟೆಯ ಹಿಂದೆ ಇದ್ದವು.

ತೊಂದರೆ ಏನೆಂದರೆ, ಅವಳು ಹೇಳಿದ ವಾರ ಕೋಣೆಗೆ ಎರಡು ಕಪ್ಪು ಕ್ಯಾಮೆರಾ ಬಂದಿದ್ದವು. ಒಂದನ್ನು ಕಂಡಕ್ಟರ್ ಒಬ್ಬ ಸೀಟಿನ ಮೇಲಿಂದ ತಂದುಕೊಟ್ಟಿದ್ದ. ಇನ್ನೊಂದನ್ನು ಮರುದಿನ ಬಸ್ಸು ತೊಳೆಯುವವರು ಯಾವುದೋ ಸೀಟಿನ ಕೆಳಗಿಂದ ಎಳೆದು ತಂದಿದ್ದರು, ಯಾವ ಬಸ್ಸೆಂದು ಅವರಿಗೂ ನೆನಪಿರಲಿಲ್ಲ. ಎರಡೂ ಒಂದೇ ಕಂಪನಿಯವು, ಎರಡೂ ಹಳೆಯವು. ಒಂದು ಸ್ವಲ್ಪ ಭಾರ, ಒಂದು ಸ್ವಲ್ಪ ಹಗುರ. ಎರಡರ ಲೆನ್ಸಿನ ಅಂಚಿನಲ್ಲೂ ಒಂದೊಂದು ಗೀರು. ಒಂದನ್ನು ಕೊಟ್ಟು, ಅದು ಅವಳದಲ್ಲದೆ, ನಿಜವಾದ ಒಡೆಯ ಬಂದು ಎದುರು ನಿಂತರೆ? ಆ ಹೆದರಿಕೆಯಲ್ಲಿ ಅವನು ಹದಿನೇಳು ಸಲ ಉತ್ತರ ಬರೆದು ಹದಿನೇಳು ಸಲ ಹರಿದಿದ್ದ.

ಈಗ ಗಡಿಯಾರ ಹತ್ತೂಕಾಲು ತೋರಿಸುತ್ತಿತ್ತು.

ಎರಡೂ ಕ್ಯಾಮೆರಾಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಕೂರಿಸಿ ಭೂತಗನ್ನಡಿ ಹಿಡಿದು ಕುಳಿತಿದ್ದಾಗ, ಪಕ್ಕದ ಟಿಕೆಟ್ ಕಿಟಕಿಯ ಗುಮಾಸ್ತ ತಲೆ ಹಾಕಿದ. ಯಾರು ಎಷ್ಟು ಕೊಟ್ಟರೂ “ಚಿಲ್ಲರೆ ಇಲ್ಲ” ಎನ್ನುವುದರಿಂದ ಅವನನ್ನು ಎಲ್ಲರೂ ಚಿಲ್ಲರೆ ಸಾಹೇಬ ಎಂದೇ ಕರೆಯುತ್ತಿದ್ದರು.

“ಏನ್ ಚೀಟಣ್ಣಾ, ಸುತ್ತೋಲೆ ಬಂತಾ? ಮುಖ ಯಾಕೆ ಹಿಂಡಿದ ಬಟ್ಟೆ ಆಗಿದೆ?”

“ಏನಿಲ್ಲ, ಏನಿಲ್ಲ.”

“ಏನಿಲ್ಲ ಅಂದ್ರೆ ಏನೋ ಇದೆ ಅಂತ,” ಎನ್ನುತ್ತ ಸಾಹೇಬ ಒಳಗೇ ಬಂದ. ಪತ್ರ ಓದಿದ, ಕ್ಯಾಮೆರಾ ನೋಡಿದ, ನಾಲಿಗೆ ಲೊಚಗುಟ್ಟಿದ. “ಅಲ್ಲಾ, ಇಷ್ಟಕ್ಕೆ ಹನ್ನೊಂದು ತಿಂಗಳಾ? ಕಣ್ಣು ಮುಚ್ಚಿ ಒಂದನ್ನ ಎತ್ತೋದು, ಕಳ್ಸೋದು.”

“ಅದು ಅವರದಲ್ದೆ ಇದ್ರೆ?”

“ಆಗ ಅವರು ದೂರು ಕೌಂಟರಿಗೆ ಬರ್ತಾರೆ.”

“ತಪ್ಪು ಕಳ್ಸಿದ್ದಕ್ಕೆ ಆಗ ಅಲ್ಲಿ ನನ್ನನ್ನೇ ಕೂರಿಸಿರ್ತಾರೆ ಸಾಹೇಬ್ರೇ!”

ಇದು ಸಾಹೇಬನಿಗೂ ತೊಡಕಾಗಿ ಕಂಡಿತು. ಅವನು ತನ್ನ ಕಿಟಕಿಗೆ ‘ಚಿಲ್ಲರೆ ತರಲು ಹೋಗಿದ್ದಾರೆ’ ಎಂಬ ಹಲಗೆ ನೇತುಹಾಕಿ ಗ್ಯಾರೇಜಿನ ಮೆಕ್ಯಾನಿಕ್ಕನ್ನು ಕರೆತಂದ. ಸೊಂಟದಲ್ಲಿ ಸದಾ ಸ್ಪ್ಯಾನರ್ ಸಿಕ್ಕಿಸಿಕೊಂಡಿರುವ ಹಿರಿಯ. ಇಡೀ ನಿಲ್ದಾಣಕ್ಕೆ ಅವರು ಸ್ಪ್ಯಾನರ್ ಮಾವ.

ಮಾವ ಭಾರದ ಕ್ಯಾಮೆರಾವನ್ನು ಅಂಗೈಯಲ್ಲಿಟ್ಟು ತೂಗಿದರು. “ಇದು ಮಾಲು. ಹಳೆ ಇಂಜಿನ್ ಇದ್ದ ಹಾಗೆ. ಕಲ್ಲ ಮೇಲೆ ಬಿದ್ರೆ ಕಲ್ಲಿಗೇ ಪೆಟ್ಟು.” ಹಗುರವಾದದ್ದನ್ನು ಎರಡು ಬೆರಳಲ್ಲಿ ಎತ್ತಿ, “ಇದು ಡಬ್ಬಿ. ಹೊಸತು ಹೊಸತು ಅಂತ ಮಾಡ್ತಾರೆ, ಜೀವ ಇರಲ್ಲ,” ಎಂದರು.

“ಯಾವುದು ಒಳ್ಳೇದು ಅಂತ ಅಲ್ಲ ಮಾವ, ಯಾವುದು ಅವರದು ಅಂತ…”

“ಗೀರು ಬೆಳಕಿಗೆ ಹಿಡಿದು ನೋಡ್ಬೇಕಪ್ಪ. ಬಿಚ್ಚಿದ್ರೆ ತಾನೇ ಗೊತ್ತಾಗೋದು?”

“ಬಿಚ್ಚಬೇಡಿ ಮಾವ—”

ಆ ಮಾತು ಮುಗಿಯುವಷ್ಟರಲ್ಲಿ ಎರಡು ಲೆನ್ಸುಗಳೂ ಕಳಚಿಕೊಂಡು ಮಾವನ ಎರಡು ಕೈಯಲ್ಲಿದ್ದವು. ಕ್ಯಾಮೆರಾಗಳೆರಡೂ ಬಾಯಿ ತೆರೆದುಕೊಂಡು ಮೇಜಿನ ಮೇಲೆ ಕುಳಿತವು, ಆಕಳಿಸಿದ ಬಾಯಿ ಮುಚ್ಚಲು ಬಾರದವರಂತೆ. ಮಾವ ಕಿಟಕಿಯ ಬಳಿ ಹೋಗಿ ಈ ಗೀರು ನೋಡಿದರು, ಆ ಗೀರು ನೋಡಿದರು, ಲುಂಗಿಯ ತುದಿಯಿಂದ ಒರೆಸಿದರು, ಬಂದು ಕಟಕ್ ಕಟಕ್ ಎಂದು ಮತ್ತೆ ಸಿಕ್ಕಿಸಿದರು.

ಚೀಟಣ್ಣ ಒಂದೊಂದನ್ನೂ ತಿರುಗಿಸಿ ನೋಡಿದ. “ಮಾವ, ಇದರದ್ದೇ ಇದಕ್ಕೆ ಹಾಕಿದ್ರಿ ತಾನೇ?”

ಮಾವ ಕೈಗಳನ್ನು ನೋಡಿಕೊಂಡರು. “ಬಲಗೈದು ಬಲಗಡೆಗೆ ಹಾಕಿದೆ.”

“ಆದ್ರೆ ಕಿಟಕಿ ಹತ್ರ ಹೋಗಿ ತಿರುಗಿ ನಿಂತಿದ್ರಲ್ಲ, ಆಗ ಬಲ ಯಾವುದು?”

“ಹೌದಲ್ವಾ,” ಎಂದು ಮಾವ ಮತ್ತೆ ಬಿಚ್ಚಿ ಅದಲು ಬದಲು ಮಾಡಿದರು. ಆಮೇಲೆ ಮೊದಲೇ ಸರಿಯಿತ್ತೇನೋ ಎನಿಸಿ ಮತ್ತೊಮ್ಮೆ ಬಿಚ್ಚಿದರು. ಎರಡೂ ಲೆನ್ಸುಗಳು ಎರಡಕ್ಕೂ ಒಂದೇ ರೀತಿ ಒಪ್ಪಿಕೊಂಡು ಕೂರುತ್ತಿದ್ದವು, ಯಾವ ಮನೆಗೆ ಕೊಟ್ಟರೂ ಹೊಂದಿಕೊಂಡು ಬಾಳುವ ಹೆಣ್ಣುಮಕ್ಕಳ ಹಾಗೆ. ಅಷ್ಟರಲ್ಲಿ ಚೀಟಣ್ಣನಿಗೆ ತನ್ನ ನಿಯಮ ನೆನಪಾಯಿತು. ಬಿಚ್ಚಬಹುದಾದದ್ದು ಎಂದು ಕಣ್ಣಾರೆ ಕಂಡ ಮೇಲೆ ಲೆನ್ಸಿಗೆ ಬೇರೆ ಚೀಟಿ ಕಟ್ಟಲೇಬೇಕು. ಲೆನ್ಸಿಗೆ ಮುಚ್ಚಳ, ಒಳಗೆ ಬ್ಯಾಟರಿ, ಮೆಮೊರಿ ಕಾರ್ಡು, ಹೆಗಲಿಗೆ ಹಾಕುವ ಪಟ್ಟಿ. ಬೆಳಿಗ್ಗೆ ಎರಡಿದ್ದ ಸಾಮಾನು ಹನ್ನೆರಡು ಗಂಟೆಗೆ ಹನ್ನೆರಡಾಗಿತ್ತು.

ಮಧ್ಯಾಹ್ನದ ಊಟದ ಬಿಡುವಿಗೆ ಮೈಕಕ್ಕ ಬಂದಳು. ‘ಪ್ರಯಾಣಿಕರ ಗಮನಕ್ಕೆ’ ಎಂದು ಬಸ್ಸುಗಳ ಹೊತ್ತು ಹೇಳುವವಳು ಅವಳೇ. ಮೈಕಿಲ್ಲದಾಗಲೂ ಅವಳ ದನಿ ಮೂರು ಪ್ಲಾಟ್‌ಫಾರಂ ದಾಟುತ್ತಿತ್ತು.

“ಗೀರು ನೋಡ್ಕೊಂಡು ಕೂತಿದ್ದೀರಲ್ಲ, ಗಂಡಸರ ಬುದ್ಧಿ! ಒಳಗೆ ಫೋಟೋ ಇರಲ್ವಾ? ಫೋಟೋ ನೋಡಿದ್ರೆ ಯಾರ ಮನೇದು ಅಂತ ಗೊತ್ತಾಗಲ್ವಾ?”

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹನ್ನೊಂದು ತಿಂಗಳಲ್ಲಿ ಚೀಟಣ್ಣನಿಗೆ ಇದು ಹೊಳೆದಿರಲಿಲ್ಲ, ಏಕೆಂದರೆ ಕಳೆದ ಸಾಮಾನನ್ನು ಅವನು ಕಟ್ಟುತ್ತಿದ್ದನೇ ಹೊರತು ಎಂದೂ ಒಳಗೆ ಇಣುಕಿದವನಲ್ಲ. ಬ್ಯಾಟರಿಗಳು ಸತ್ತಿದ್ದವು. ಆದರೆ ಜನ ಮರೆತುಹೋದ ಚಾರ್ಜರುಗಳೇ ಆ ಕೋಣೆಯಲ್ಲಿ ಮೂರು ಪೆಟ್ಟಿಗೆ ಇದ್ದವು. ಎಂಬತ್ತೊಂದನೆಯ ಚಾರ್ಜರು ಸರಿಹೊಂದಿತು. ಅದನ್ನು ಬಳಸಿದ್ದಕ್ಕೆ ಚೀಟಣ್ಣ ರಿಜಿಸ್ಟರಿನಲ್ಲಿ ಒಂದು ಸಾಲು ಬರೆದು, ಅಳುಕುತ್ತಲೇ ರುಜು ಹಾಕಿದ.

ಒಂದೂವರೆಗೆ ಭಾರದ ಕ್ಯಾಮೆರಾ ಕಣ್ಣು ಬಿಟ್ಟಿತು. ಅದರ ಪರದೆ ಬೆಂಕಿಪೊಟ್ಟಣದಷ್ಟು. ಹಗುರದ್ದರ ಪರದೆ ಕಿಟಕಿಯ ಬಾಗಿಲಿನಂತೆ ಪಕ್ಕಕ್ಕೆ ತೆರೆದುಕೊಂಡಿತು. ಮೈಕಕ್ಕನಿಗೆ ಅದರಲ್ಲಿ ತನ್ನ ಮುಖ ಕಂಡದ್ದೇ ಸಾಕಾಯಿತು. “ಇದೇ ಒಳ್ಳೇದು! ನೋಡಿ, ನನ್ನನ್ನೇ ನಾನು ನೋಡ್ಕೊಂಡು ತೆಗೀಬಹುದು.”

“ಅದರ ಸದ್ದು ಕೇಳಿದ್ಯಾ? ಸೊಳ್ಳೆ ಹೊಡೆದ ಹಾಗೆ,” ಎಂದರು ಮಾವ. “ಇದರ ಸದ್ದು ಕೇಳು.” ಟಕ್-ಚರಕ್! ಚೀಟಣ್ಣ ಬೆಚ್ಚಿಬಿದ್ದ. “ಫೋಟೋ ತೆಗೆದದ್ದು ಗೊತ್ತಾಗಬೇಕು.”

“ತೆಗೀಬೇಡಿ! ಅದು ಬೇರೆಯವರ ಕ್ಯಾಮೆರಾ!”

ಅಷ್ಟರಲ್ಲಿ ಎರಡರಲ್ಲೂ ಅವನ ಫೋಟೋ ಬಿದ್ದಾಗಿತ್ತು. ಭಾರದ್ದರಲ್ಲಿ ಅವನು ಕಾಮಾಲೆಯಾದವನಂತೆ ಹಳದಿಯಾಗಿದ್ದ. ಹಗುರದ್ದರಲ್ಲಿ ನೀಲಿಯಾಗಿ, ಇನ್ನೇನು ಹೊತ್ತುಕೊಂಡು ಹೋಗುವುದೊಂದು ಬಾಕಿ ಎನ್ನುವಂತಿದ್ದ. ಯಾವುದು ಹೆಚ್ಚು ಅವನ ಹಾಗಿದೆ ಎಂದು ಮೂವರೂ ಹತ್ತು ನಿಮಿಷ ವಾದಿಸಿ, ಎರಡನ್ನೂ ಬೆರೆಸಿದರೆ ಸರಿಹೋಗುತ್ತದೆ ಎಂಬಲ್ಲಿಗೆ ಬಂದರು. ಆ ಫೋಟೋ ಅಳಿಸಿಬಿಡೋಣ ಎಂದು ಮೈಕಕ್ಕ ಯಾವುದೋ ಗುಂಡಿ ಒತ್ತಿದಳು. ‘ಎಲ್ಲ ಚಿತ್ರಗಳನ್ನೂ ಅಳಿಸಬೇಕೆ?’ ಎಂದು ಕ್ಯಾಮೆರಾ ಕೇಳಿತು. ಅವಳ ಬೆರಳು ಇಳಿಯುವ ಮುಂಚೆ ಚೀಟಣ್ಣ ಹಾರಿ ಬಂದು ಬ್ಯಾಟರಿಯನ್ನೇ ಕಿತ್ತುಕೊಂಡ. ಅದನ್ನು ಮತ್ತೆ ಹಾಕಲು ನಾಲ್ಕು ಸಲ ಬೇಕಾಯಿತು.

ಕೊನೆಗೂ ಹಳೆಯ ಫೋಟೋಗಳು ಕಂಡವು. ಭಾರದ ಕ್ಯಾಮೆರಾದಲ್ಲಿ ಒಂದು ನೀರಿನ ಹೂಜಿ, ಒಂದು ಮುರುಕು ಸ್ಟೂಲು, ಪರದೆ ಹಾಕಿದ ಕಿಟಕಿ, ಆಕಳಿಸುವ ಒಬ್ಬ ಅಜ್ಜ. ಹಗುರದ್ದರಲ್ಲಿ ಅದೇ ಹೂಜಿ, ಅದೇ ಸ್ಟೂಲು, ಅದೇ ಕಿಟಕಿ, ಅದೇ ಅಜ್ಜ. ಈ ಸಲ ಬಾಯಿ ಇನ್ನೂ ಅಗಲ.

ಸಾಹೇಬ ಎರಡು ಪರದೆಗಳನ್ನೂ ಅಕ್ಕಪಕ್ಕ ಹಿಡಿದ.

“ಒಂದೇ ಮನೆ,” ಎಂದ ಚಿಲ್ಲರೆ ಸಾಹೇಬ.

“ಗಂಡ ಹೆಂಡತಿ,” ಎಂದಳು ಮೈಕಕ್ಕ, ಬಸ್ಸಿನ ಹೊತ್ತು ಹೇಳುವಷ್ಟೇ ಖಚಿತವಾಗಿ. “ಮಾತು ಬಿಟ್ಟಿದ್ದಾರೆ. ಅವಳು ಏನು ತೆಗೀತಾಳೋ ಹಟಕ್ಕೆ ಇವನೂ ಅದನ್ನೇ ತೆಗೀತಾನೆ. ಕೊನೆಗೆ ಇಬ್ಬರೂ ಬೇರೆ ಬೇರೆ ಬಸ್ಸು ಹತ್ತಿ ಹೋಗಿದ್ದಾರೆ. ಅಯ್ಯೋ ಪಾಪ, ಆ ಅಜ್ಜನ ಗತಿ ಏನೋ!”

“ಹಾಗಾದ್ರೆ ಗಂಡನದ್ದು ಹೆಂಡತಿಗೆ ಕಳಿಸಿದ್ರೆ…” ಎನ್ನುತ್ತ ಚೀಟಣ್ಣ ಎರಡು ಕ್ಯಾಮೆರಾಗಳನ್ನೂ ದೂರ ದೂರ ಸರಿಸಿದ. ಇಲ್ಲಿಯವರೆಗೆ ಒಂದು ಕ್ಯಾಮೆರಾದ ಮಾತಾಗಿತ್ತು. ಈಗ ಒಂದು ಸಂಸಾರವೇ ಅವನ ತಲೆಯ ಮೇಲೆ ಬಂದು ಕುಳಿತಿತ್ತು.

“ಹೆದರಬೇಡಿ ಚೀಟಣ್ಣ. ಆ ಗಂಡನ್ನ ನಾನು ಕರೆಸ್ತೀನಿ,” ಎಂದು ಮೈಕಕ್ಕ ಎದ್ದು ಹೋದಳು. ಹೇಗೆ ಕರೆಸುತ್ತಾಳೆಂದು ಅವನು ಯೋಚಿಸುತ್ತಿರುವಾಗಲೇ ನಿಲ್ದಾಣದ ಹದಿನಾಲ್ಕು ಧ್ವನಿವರ್ಧಕಗಳೂ ಒಟ್ಟಿಗೆ ಕೆಮ್ಮಿದವು.

“ಪ್ರಯಾಣಿಕರ ಗಮನಕ್ಕೆ. ಕ್ಯಾಮೆರಾ ಕಳೆದುಕೊಂಡವರು ಕೂಡಲೇ ಕಳೆದುಹೋದ ಸಾಮಾನುಗಳ ಕೋಣೆಗೆ ಬರತಕ್ಕದ್ದು. ಹೆಂಡತಿಯ ಜೊತೆ ಮಾತು ಬಿಟ್ಟವರಿಗೆ ಆದ್ಯತೆ.”

ಮೂರು ಗಂಟೆಗೆ ಬಾಗಿಲ ಮುಂದೆ ಇಪ್ಪತ್ತಮೂರು ಜನ ಸಾಲು ನಿಂತಿದ್ದರು. ಒಬ್ಬರ ಕ್ಯಾಮೆರಾ ಕೆಂಪಾಗಿತ್ತಂತೆ, ಆದರೂ ನೋಡಿ ಹೋಗೋಣವೆಂದು ಬಂದಿದ್ದರು. ಒಬ್ಬರು ಕಳೆದುಕೊಂಡದ್ದು ರೇಡಿಯೋ. ಒಬ್ಬರು ಏನನ್ನೂ ಕಳೆದುಕೊಂಡಿರಲಿಲ್ಲ, ಮಾತು ಬಿಟ್ಟಿದ್ದರು ಅಷ್ಟೆ. ಸಾಹೇಬ ತನ್ನ ಕಿಟಕಿಗೆ ಓಡಿದ. ಮಾವ ಗ್ಯಾರೇಜಿನಲ್ಲಿ ಇಂಜಿನ್ ಬಿಚ್ಚಿಟ್ಟು ಬಂದಿದ್ದೇನೆಂದು ಎದ್ದರು. ಸಾಲಿನ ಮುಂದಿದ್ದ ದಪ್ಪ ಮೀಸೆಯವನು ಮೇಜಿಗೆ ಗುದ್ದಿದ.

“ಎಲ್ರೀ ನನ್ ಕ್ಯಾಮೆರಾ?”

ಚೀಟಣ್ಣ ಅರ್ಜಿಯ ಹಾಳೆಗಳ ಕಟ್ಟನ್ನು ಎಳೆದುಕೊಂಡ. ಬಾಯಿಗೆ ಬಂದದ್ದು ಅವನಿಗೆ ಗೊತ್ತಿದ್ದ ಒಂದೇ ಸಂಗತಿ. “ಕೊಡ್ತೀನಿ ಸಾರ್, ಖಂಡಿತ ಕೊಡ್ತೀನಿ. ಕ್ಯಾಮೆರಾಕ್ಕೆ ಒಂದು ಅರ್ಜಿ ಬರೀರಿ. ಲೆನ್ಸಿಗೆ ಬೇರೆ ಅರ್ಜಿ. ಮುಚ್ಚಳಕ್ಕೆ ಒಂದು. ಬ್ಯಾಟರಿಗೆ, ಕಾರ್ಡಿಗೆ, ಪಟ್ಟಿಗೆ ಒಂದೊಂದು. ಒಟ್ಟು ಆರು. ಪ್ರತಿಯೊಂದರಲ್ಲೂ ಅದರ ಗುರುತು ಬರೀಬೇಕು. ಕೂತ್ಕೊಳ್ಳಿ ಸಾರ್, ನಿಮಗೆ ಪೆನ್ನು ಕೊಡ್ಲಾ? ನೀರು ಕುಡೀತೀರಾ?”

ಮೀಸೆಯವನು ಆರು ಹಾಳೆಗಳನ್ನು ನೋಡಿದ, ಹೊರಡಲು ಸಿದ್ಧವಾದ ಬಸ್ಸನ್ನು ನೋಡಿದ. “ಪರವಾಗಿಲ್ಲ ಬಿಡಿ, ಹಳೇದು ಅದು,” ಎಂದ. “ಆದ್ರೂ ಇಷ್ಟು ಮರ್ಯಾದೆಯಿಂದ ಮಾತಾಡಿದ್ರಲ್ಲ, ಸಂತೋಷ.” ಕೈಮುಗಿದು ಹೋದ. ಅವನ ಹಿಂದಿನವರೂ ಹಾಗೇ ಹೋದರು. ಮಾತು ಬಿಟ್ಟಿದ್ದವರಂತೂ ಅರ್ಜಿಯ ಹಾಳೆಯಲ್ಲೇ ಹೆಂಡತಿಗೆ ನಾಲ್ಕು ಸಾಲು ಬರೆದುಕೊಂಡು ಕಣ್ಣೊರೆಸುತ್ತ ಹೋದರು. ನಾಲ್ಕು ಗಂಟೆ ಐದು ನಿಮಿಷಕ್ಕೆ ಬಾಗಿಲ ಮುಂದೆ ಯಾರೂ ಉಳಿಯಲಿಲ್ಲ. ಚೀಟಣ್ಣ ಬೆವರು ಒರೆಸಿಕೊಂಡು ತಲೆ ಎತ್ತಿದರೆ, ಮೆಟ್ಟಿಲ ಮೇಲೆ ಮ್ಯಾನೇಜರ್ ಮೇಡಂ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ.

ಮೇಡಂ ಒಳಗೆ ಬಂದು ಕುರ್ಚಿ ಎಳೆದುಕೊಂಡರು. “ಹನ್ನೊಂದು ತಿಂಗಳ ಪತ್ರ ಒಂದಿದೆಯಂತೆ. ಕೊಡಿ.”

ಚೀಟಣ್ಣ ಕೊಟ್ಟ. ಮೇಡಂ ಹಾಳೆಯನ್ನಲ್ಲ, ಅದರ ಮೂಲೆಯಲ್ಲಿದ್ದ ನಂಬರನ್ನು ನೋಡಿದರು. “ಇನ್ನೂರ ಹನ್ನೆರಡು ‘ಅ’ ಅಂತಿದೆ. ‘ಆ’ ಎಲ್ಲಿ?”

“ಅಂದ್ರೆ ಮೇಡಂ?”

“‘ಅ’ ಇದ್ರೆ ‘ಆ’ ಇರಬೇಕಲ್ರೀ. ಈ ಪತ್ರಕ್ಕೆ ನಂಬರ್ ಹಾಕಿದ್ದು ಯಾರು?”

ಪತ್ರ ಬಂದ ವಾರ ಹಲ್ಲುನೋವೆಂದು ಚೀಟಣ್ಣ ಮೂರು ದಿನ ರಜೆ ಹಾಕಿದ್ದ. ಅವನ ಬದಲು ಕುಳಿತಿದ್ದವನು ಚಿಲ್ಲರೆ ಸಾಹೇಬ. ಕರೆಸಿ ಕೇಳಿದರೆ ಅವನು ಎದೆಯುಬ್ಬಿಸಿ ಹೇಳಿದ: “ನಾನೇ ಮೇಡಂ. ಲಕೋಟೆಯಲ್ಲಿ ಎರಡು ಹಾಳೆ ಇತ್ತು. ಒಂದರಿಂದ ಒಂದು ಬಿಡಿಸಬಹುದಾಗಿತ್ತು. ಚೀಟಣ್ಣನ ನಿಯಮದ ಪ್ರಕಾರ ಎರಡಕ್ಕೂ ಬೇರೆ ನಂಬರ್ ಹಾಕಿ, ಬೇರೆ ಬೇರೆ ಕಪಾಟಿನಲ್ಲಿ ಇಟ್ಟೆ. ಒಂದಕ್ಷರ ತಪ್ಪಿಲ್ಲ.”

ಇನ್ನೂರ ಹನ್ನೆರಡು ‘ಆ’ ಬಿಡಿ ಕಾಗದಗಳ ಕಪಾಟಿನಲ್ಲಿ, ಯಾರದೋ ಜಾತಕಕ್ಕೂ ಯಾರದೋ ಬಟ್ಟೆ ಒಗೆಸಿದ ಚೀಟಿಗೂ ನಡುವೆ ನೆಮ್ಮದಿಯಾಗಿ ಮಲಗಿತ್ತು. ಮೇಡಂ ಗಟ್ಟಿಯಾಗಿ ಓದಿದರು.

‘ಅದರ ಜೊತೆಗೆ ಅಂಥದೇ ಇನ್ನೊಂದು ಕ್ಯಾಮೆರಾ ಕೂಡ ಆ ಬಸ್ಸಿನಲ್ಲೇ ಉಳಿಯಿತು. ಎರಡೂ ನನ್ನವೇ. ಒಂದನ್ನು ನಾನಿಟ್ಟುಕೊಂಡು ಇನ್ನೊಂದನ್ನು ತಂಗಿಗೆ ಕೊಡಬೇಕು. ಯಾವುದು ಮೇಲೆಂದು ತಿಳಿಯಲು ಮನೆಯ ಹೂಜಿ, ಸ್ಟೂಲು, ನಮ್ಮ ತಂದೆ, ಎಲ್ಲವನ್ನೂ ಎರಡರಲ್ಲೂ ತೆಗೆದು ಹೋಲಿಸಿ ನೋಡುತ್ತಿದ್ದೆ. ಇದರ ಲೆನ್ಸನ್ನು ಅದಕ್ಕೆ, ಅದರದನ್ನು ಇದಕ್ಕೆ ಹಾಕಿದರೆ ಎರಡೂ ಚೆನ್ನಾಗಿ ತೆಗೆಯುತ್ತವೆ ಎಂದು ಗೊತ್ತಾಗಲು ನಾಲ್ಕು ತಿಂಗಳು ಹಿಡಿಯಿತು. ಈಗ ಹಾಗೆಯೇ ಹಾಕಿಟ್ಟಿದ್ದೇನೆ, ಆದ್ದರಿಂದ ಒಂದೇ ಕೋರಿಕೆ: ದಯವಿಟ್ಟು ಯಾರೂ ಲೆನ್ಸುಗಳನ್ನು ಬಿಚ್ಚಬಾರದು.’

ಕೆಳಗೆ ಅಂದವಾದ ರುಜು.

ಚೀಟಣ್ಣ ಮೆಲ್ಲನೆ ಬಾಗಿಲ ಕಡೆ ನೋಡಿದ. ಅಲ್ಲಿ ಸ್ಪ್ಯಾನರ್ ಮಾವ ಬೆರಳು ಮಡಿಚುತ್ತ ನಿಂತಿದ್ದರು. “ಎಷ್ಟು ಸಲ ಅದಲು ಬದಲು ಮಾಡಿದ್ರಿ ಮಾವ?” ಎಂದು ಪಿಸುಗುಟ್ಟಿದ.

“ಮೂರೋ ನಾಲ್ಕೋ.”

“ಮೂರಾ, ನಾಲ್ಕಾ? ನಾಲ್ಕಾದ್ರೆ ಬದುಕಿದೆ, ಮೂರಾದ್ರೆ ಸತ್ತೆ!”

“ನೀನು ಬೇಡ ಬೇಡ ಅಂತ ಕೂಗ್ತಿದ್ಯಲ್ಲ, ಲೆಕ್ಕ ತಪ್ಪಿತು.”

ಮೇಡಂ ಗಡಿಯಾರ ನೋಡಿದರು. “ನಾಲ್ಕೂ ಮುಕ್ಕಾಲು. ಬರೀರಿ, ನಾನು ಹೇಳ್ತೀನಿ.” ಚೀಟಣ್ಣ ಬರೆದ. ತಮ್ಮ ಎರಡು ಕ್ಯಾಮೆರಾಗಳೂ ಕ್ಷೇಮವಾಗಿವೆ. ಉತ್ತರ ತಡವಾದದ್ದಕ್ಕೆ ಕ್ಷಮೆ ಇರಲಿ. ಬಂದು ತೆಗೆದುಕೊಂಡು ಹೋಗಬೇಕು. “ಲೆನ್ಸಿನ ವಿಷಯ ಮುಚ್ಚಿಡೋದು ಬೇಡ. ‘ಪರಿಶೀಲನೆಗಾಗಿ ಲೆನ್ಸುಗಳನ್ನು ಬಿಚ್ಚಿ ಹಾಕಲಾಗಿದೆ. ಈ ಬಗ್ಗೆ ತಕರಾರಿದ್ದರೆ ದೂರು ಕೌಂಟರಿನ ಗುಮಾಸ್ತರನ್ನು ಖುದ್ದಾಗಿ ಕಂಡು ಮಾತಾಡಬಹುದು.’ ಬರೆದ್ರಾ?”

ಬರೆದ. ಆ ಕೊನೆಯ ಸಾಲನ್ನಂತೂ ದುಂಡು ದುಂಡಾಗಿ ಬರೆದ. ದೂರು ಕೌಂಟರಿನಲ್ಲಿ ಕೂರುವ ಆ ಬಡಪಾಯಿ ಯಾರೋ, ದೇವರು ಅವನನ್ನು ಕಾಪಾಡಲಿ ಎಂದು ಮನಸ್ಸಿನಲ್ಲೇ ಮರುಗಿದ. ಹನ್ನೊಂದು ತಿಂಗಳಲ್ಲಿ ಮೊದಲ ಬಾರಿಗೆ ಬರೆದ ಹಾಳೆಯನ್ನು ಹರಿಯಲಿಲ್ಲ. ಲಕೋಟೆಗೆ ಅಂಟು ಬಳಿದ. ವಿಳಾಸ ಬರೆದ.

ಐದಕ್ಕೆ ಎರಡು ನಿಮಿಷವಿರುವಾಗ ಟಪಾಲಿನವನು ಚೀಲದ ಬಾಯಿ ತೆರೆದು ಹಿಡಿದ. ಚೀಟಣ್ಣ ಲಕೋಟೆಯನ್ನು ಚೀಲದೊಳಗೆ ಅರ್ಧ ಇಳಿಬಿಟ್ಟಿದ್ದ. ಹಿಂದಿನಿಂದ ಮೇಡಂ ಮಾತು ಕೇಳಿಸಿತು, ಬಹಳ ಮೆಚ್ಚುಗೆಯಿಂದ.

“ಅಂದಹಾಗೆ, ಆ ಕೌಂಟರಿಗೆ ಯಾರನ್ನ ಕೂರಿಸಲಿ ಅಂತ ತಿಂಗಳಿಂದ ಹುಡುಕ್ತಾ ಇದ್ದೆ. ಮಧ್ಯಾಹ್ನ ನೋಡಿದೆ. ಇಪ್ಪತ್ತಮೂರು ಜನ ಬೈಯೋಕೆ ಬಂದ್ರು, ಇಪ್ಪತ್ತಮೂರು ಜನಾನೂ ಕೈಮುಗಿದು ಹೋದ್ರು. ಸೋಮವಾರದಿಂದ ನೀವೇ ಅಲ್ಲಿ.”

“ಮೇಡಂ, ಸುತ್ತೋಲೆ… ಐದರೊಳಗೆ ಉತ್ತರ ಹೋದ್ರೆ ಇಲ್ಲ ಅಂತ…”

“ಅದು ಶಿಕ್ಷೆಗೆ ಬರೆದದ್ದು. ಇದು ಬಡ್ತಿ.”

ಚೀಟಣ್ಣ ಕೈಯಲ್ಲಿದ್ದ ಅರ್ಧ ಲಕೋಟೆಯನ್ನು ನೋಡಿದ. ಕಳಿಸದಿದ್ದರೆ ಶಿಕ್ಷೆಯಾಗಿ ಅಲ್ಲಿಗೆ, ಕಳಿಸಿದರೆ ಬಡ್ತಿಯಾಗಿ ಅಲ್ಲಿಗೇ. ಕಳಿಸಿದರೆ ಮಾತ್ರ, ಮೊದಲು ಬಂದು ಆ ಗಾಜಿನ ತೂತಿಗೆ ಬಾಯಿ ಹಚ್ಚುವವರು ಯಾರೆಂದು ಅವನಿಗೆ ಈಗಲೇ ಗೊತ್ತಿತ್ತು. ಅವನ ಎರಡು ಬೆರಳು ಲಕೋಟೆಯ ಮೂಲೆಯನ್ನು ಬಿಗಿಯಾಗಿ ಹಿಡಿದುಕೊಂಡವು.

“ಬಿಡಿ ಸಾರ್,” ಎಂದ ಟಪಾಲಿನವನು. “ಬಸ್ಸು ಹೊರಡ್ತಾ ಇದೆ.”

ಬಿಟ್ಟ.